ಮಲೆನಾಡಿನಲ್ಲಿ ಹಳೆ ಬಟ್ಟೆ ವ್ಯಾಪಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಈ ವ್ಯಾಪಾರದ ಬಗ್ಗೆ ಕೇಳುವವರು ಈಗ ಜಾಸ್ತಿ. ಮನೆಯಲ್ಲೇ ಇದ್ದು ಏನಾದರೂ ಮಾಡಬೇಕು ಅನ್ನುವ ಹೆಂಗಸರು, ಕಾಲೇಜು ಮುಗಿಸಿ ಊರಲ್ಲೇ ಉಳಿಯಬೇಕೆಂದಿರುವ ಮಕ್ಕಳು ಕೇಳುತ್ತಾರೆ. ಬೆಂಗಳೂರಿನ ಲೆಕ್ಕ ನೋಡಿ ಇಲ್ಲಿ ಅಂಗಡಿ ತೆರೆದರೆ ನಡೆಯುವುದಿಲ್ಲ. ಇಲ್ಲಿನ ಮಳೆ ಬೇರೆ, ಗಿರಾಕಿ ಬೇರೆ, ದುಡ್ಡು ಓಡಾಡುವ ತಿಂಗಳುಗಳೂ ಬೇರೆ. ಅದಕ್ಕೇ ಇಲ್ಲಿಗೆ ಹೊಂದುವ ಉತ್ತರಗಳನ್ನು ಬರೆದಿದ್ದೇನೆ.

ನಮ್ಮ ಕಡೆ ಹಳೆ ಬಟ್ಟೆ ಕೊಳ್ಳುವವರು ಇದ್ದಾರಾ?

ಖಂಡಿತ ಇದ್ದಾರೆ. ಮೊದಲು ಕೆಲಸದ ಬಟ್ಟೆಯನ್ನು ಯೋಚಿಸಿ. ಅಡಿಕೆ ಕೊಯ್ಲು ಶುರುವಾದರೆ ಕೊನೆ (ಅಡಿಕೆ ಗೊನೆ) ಇಳಿಸುವವರು, ಸುಲಿಯುವವರು, ಬೇಯಿಸುವವರು ಎಲ್ಲರಿಗೂ ತುಂಬು ತೋಳಿನ ಅಂಗಿ ಬೇಕು. ಚೊಗರು, ಅಂದರೆ ಅಡಿಕೆಯ ಕಲೆ ಹಿಡಿಯುವ ರಸ, ತಾಗಿದ ಅಂಗಿಯನ್ನು ಮತ್ತೆ ಪೇಟೆಗೆ ಹಾಕಿಕೊಂಡು ಹೋಗಲು ಆಗುವುದಿಲ್ಲ. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರದೂ ಅದೇ ಕತೆ. ಮೈಲುತುತ್ತ, ಸುಣ್ಣದ ಕಲೆ ಹತ್ತಿದ ಬಟ್ಟೆ ಅಲ್ಲಿಗೇ ಮೀಸಲು. ಇಂಥ ಕೆಲಸಕ್ಕೆ ಹೊಸ ಅಂಗಿ ಯಾರು ಕೊಳ್ಳುತ್ತಾರೆ ಹೇಳಿ?

ಇನ್ನೊಂದು ಕಾರಣ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು. ಉಣುಗು (ಉಣ್ಣೆ ಹುಳು) ಕಚ್ಚಿ ಹರಡುತ್ತದೆ. ಸೊಪ್ಪಿಗೆ, ದರಗಿಗೆ (ಒಣ ಎಲೆಗೆ), ಸೌದೆಗೆ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಹಾಕಬೇಕು ಎಂದು ಆರೋಗ್ಯ ಇಲಾಖೆ ಪ್ರತಿ ವರ್ಷ ಹೇಳುತ್ತದೆ. ದಪ್ಪ ಕಾಟನ್ ಪ್ಯಾಂಟು, ತುಂಬು ತೋಳಿನ ಅಂಗಿ ಕಡಿಮೆ ಬೆಲೆಗೆ ಸಿಕ್ಕರೆ ಅದು ಬರೀ ವ್ಯಾಪಾರ ಅಲ್ಲ, ಒಂದು ಉಪಕಾರವೂ ಹೌದು.

ಆಮೇಲೆ ವಿದ್ಯಾರ್ಥಿಗಳು. ಶಿವಮೊಗ್ಗದಲ್ಲಿ ಸಹ್ಯಾದ್ರಿ ಕಾಲೇಜು, ನವುಲೆಯ ಎಂಜಿನಿಯರಿಂಗ್ ಕಾಲೇಜು, ಮೆಡಿಕಲ್ ಕಾಲೇಜು, ಅತ್ತ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇವೆ. ಹಾಸ್ಟೆಲ್ ಮಕ್ಕಳಿಗೆ ಜೀನ್ಸ್, ಜಾಕೆಟ್, ಸ್ವೆಟರ್ ಬೇಕು. ಮಕ್ಕಳ ಬಟ್ಟೆಗೂ ಒಳ್ಳೆ ಬೇಡಿಕೆ ಇದೆ. ಖಾಸಗಿ ಶಾಲೆಯ ಯೂನಿಫಾರ್ಮ್, ಬ್ಲೇಜರ್ ಮೇ ಕೊನೆಯ ವಾರದಲ್ಲಿ ಬಿಸಿ ದೋಸೆಯ ಹಾಗೆ ಹೋಗುತ್ತವೆ. ಮಗು ವರ್ಷಕ್ಕೊಂದು ಅಳತೆ ಬೆಳೆಯುತ್ತದೆ, ಯೂನಿಫಾರ್ಮ್ ಮಾತ್ರ ಅಷ್ಟು ಬೇಗ ಹಳೆಯದಾಗುವುದಿಲ್ಲ.

ಬೇರೆಯವರು ಉಟ್ಟ ಬಟ್ಟೆ ಅಂತ ಜನ ಹಿಂದೆ ಸರಿಯಲ್ವಾ?

ಕೆಲವರು ಸರಿಯುತ್ತಾರೆ. ಅವರನ್ನು ಒಪ್ಪಿಸಲು ಹೋಗಬೇಡಿ. ಆದರೆ ನಮ್ಮಲ್ಲಿ ಹಳೆ ಬಟ್ಟೆ ಯಾವತ್ತೂ ಕೀಳಾಗಿರಲಿಲ್ಲ. ಹುಟ್ಟಿದ ಮಗುವನ್ನು ಸುತ್ತುವುದು ಅಜ್ಜನ ಹಳೆ ಪಂಚೆಯಲ್ಲಿ, ಅಜ್ಜಿಯ ಮೆತ್ತನೆ ಸೀರೆಯಲ್ಲಿ. ಅಣ್ಣನ ಅಂಗಿ ತಮ್ಮನಿಗೆ, ಅಕ್ಕನ ಲಂಗ ತಂಗಿಗೆ ಬಂದದ್ದು ಎಲ್ಲರ ಮನೆಯಲ್ಲೂ ಇದ್ದದ್ದೇ.

ನಿಜವಾದ ಹಿಂಜರಿಕೆ ಬೇರೆ ಇದೆ. "ಇದು ತೀರಿಕೊಂಡವರದ್ದಾ?" ಎಂದು ಗಿರಾಕಿ ಮೆಲ್ಲಗೆ ಕೇಳುತ್ತಾರೆ. ಅದಕ್ಕೆ ನೇರವಾದ ಉತ್ತರ ನಿಮ್ಮ ಹತ್ತಿರ ಇರಲೇಬೇಕು. ಬಟ್ಟೆ ತೆಗೆದುಕೊಳ್ಳುವಾಗಲೇ ಯಾರದ್ದು, ಯಾಕೆ ಕೊಡುತ್ತಿದ್ದಾರೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ತೀರಿಕೊಂಡವರ ಬಟ್ಟೆ ತೆಗೆದುಕೊಳ್ಳುವುದಿಲ್ಲ ಎಂದು ನಿಯಮ ಮಾಡಿಕೊಂಡರೆ ಅದನ್ನು ಒಮ್ಮೆಯೂ ಮುರಿಯಬೇಡಿ. ಚಿಕ್ಕ ಊರಿನಲ್ಲಿ ಒಂದು ಸುಳ್ಳು ಸಾಕು, ಊರೆಲ್ಲ ಗೊತ್ತಾಗುತ್ತದೆ.

ಇನ್ನೊಂದು ಮಾತು. ಕೊಳ್ಳುವವರ ಗುರುತನ್ನು ಕಾಪಾಡಿ. ಯಾರು ಏನು ಕೊಂಡರು ಎಂದು ಪಕ್ಕದ ಮನೆಯವರ ಹತ್ತಿರ ಆಡಬೇಡಿ. ಅವರ ಫೋಟೋವನ್ನು ಸ್ಟೇಟಸ್‌ಗೆ ಹಾಕಬೇಡಿ. ಕೊಟ್ಟವರ ಹೆಸರನ್ನು ಕೊಂಡವರಿಗೆ ಹೇಳುವುದೂ ಬೇಡ.

ಸರಕು ಎಲ್ಲಿಂದ ತರುವುದು?

ನಿಮ್ಮ ಬಳಗದಿಂದಲೇ ಶುರು ಮಾಡಿ. ಮಲೆನಾಡಿನ ಬಹಳ ಮನೆಗಳ ಮಕ್ಕಳು ಬೆಂಗಳೂರಲ್ಲಿದ್ದಾರೆ. ದೀಪಾವಳಿಗೋ ಭೂಮಿ ಹುಣ್ಣಿಮೆಗೋ ಊರಿಗೆ ಬರುವಾಗ ಅವರು ಹಾಕದ ಬಟ್ಟೆಗಳನ್ನು ಹೊತ್ತು ತರುತ್ತಾರೆ. ಅವು ಅಟ್ಟದ ಮೇಲೆ ಗಂಟಾಗಿ ಕೂರುತ್ತವೆ. ಒಂದು ಕರೆ ಮಾಡಿದರೆ ಆ ಗಂಟು ನಿಮ್ಮದಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹಾಸ್ಟೆಲ್ ಬಿಡುವ ವಿದ್ಯಾರ್ಥಿಗಳ ಹತ್ತಿರವೂ ಒಳ್ಳೆ ಜಾಕೆಟ್ಟು, ಜೀನ್ಸು ಸಿಗುತ್ತವೆ.

ಪುಕ್ಕಟೆ ಕೊಟ್ಟರೂ ಸ್ವಲ್ಪ ದುಡ್ಡು ಕೊಟ್ಟೇ ತನ್ನಿ. ಪುಕ್ಕಟೆ ಕೊಡುವವರು ಹರಿದದ್ದು, ಕೊಳೆಯಾದದ್ದು ಎಲ್ಲವನ್ನೂ ಸೇರಿಸಿ ಕೊಡುತ್ತಾರೆ. ದುಡ್ಡು ಕೊಟ್ಟರೆ ಆರಿಸಿ ತೆಗೆದುಕೊಳ್ಳುವ ಹಕ್ಕು ನಿಮಗಿರುತ್ತದೆ. ಬಡವರಿಗೆ ದಾನ ಮಾಡುತ್ತೇನೆ ಎಂದು ಹೇಳಿ ತಂದು ಮಾರುವುದಂತೂ ತಪ್ಪು.

ಬೆಂಗಳೂರಿನ ಗಾರ್ಮೆಂಟ್ಸ್‌ನಿಂದ ಬರುವ ಉಳಿಕೆ ಮಾಲು ಕೂಡ ಸಿಗುತ್ತದೆ. ಅದು ಯಾರೂ ಹಾಕದ ಬಟ್ಟೆ. ಅದನ್ನೂ ಇಡಬಹುದು, ಆದರೆ ಬೇರೆ ರ‍್ಯಾಕಿನಲ್ಲಿ ಇಡಿ. ಯಾವುದು ಬಳಸಿದ್ದು, ಯಾವುದು ಉಳಿಕೆ ಎಂದು ಗಿರಾಕಿಗೆ ನೋಡಿದ ಕೂಡಲೇ ತಿಳಿಯಬೇಕು.

ಫಾರಿನ್ ಬೇಲ್ (ವಿದೇಶದ ಹಳೆ ಬಟ್ಟೆಯ ಮೂಟೆ) ತರಿಸಬಹುದಾ? ಫೋನಿನಲ್ಲಿ ಜಾಹೀರಾತು ಬರುತ್ತೆ.

ಹೊಸಬರಿಗೆ ಬೇಡವೇ ಬೇಡ. ವಿದೇಶದ ಬಳಸಿದ ಬಟ್ಟೆಯನ್ನು ಭಾರತಕ್ಕೆ ತರಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕು. ಗುಜರಾತಿನ ಕಾಂಡ್ಲಾ ವಿಶೇಷ ಆರ್ಥಿಕ ವಲಯದಲ್ಲಿ ಅದನ್ನು ವಿಂಗಡಿಸುವ ಘಟಕಗಳಿವೆ. ಕತ್ತರಿಸಿದ ಚಿಂದಿ ಹರಿಯಾಣದ ಪಾಣಿಪತ್‌ಗೆ ಹೋಗಿ ನೂಲಾಗಿ, ಕಂಬಳಿಯಾಗಿ ಬರುತ್ತದೆ. ಹೀಗಿರುವಾಗ ಬಿಲ್ ಇಲ್ಲದೆ ಬರುವ ಬೇಲ್ ಎಲ್ಲಿಂದ ಬಂತು ಎಂದು ನಿಮಗೆ ಗೊತ್ತಾಗುವುದಿಲ್ಲ. ಒಳಗೆ ಏನಿದೆ ಎಂದೂ ಬಿಚ್ಚುವವರೆಗೆ ತಿಳಿಯುವುದಿಲ್ಲ. ಅಡ್ವಾನ್ಸ್ ಹಾಕಿಸಿಕೊಂಡು ಫೋನ್ ಬಂದ್ ಮಾಡುವವರೂ ಇದ್ದಾರೆ.

ಎಷ್ಟು ಬಂಡವಾಳ ಬೇಕು? ಅಂಗಡಿ ಬಾಡಿಗೆಗೆ ಹಿಡಿಯಲಾ?

ಮೊದಲ ವರ್ಷ ಅಂಗಡಿ ಬೇಡ. ಯಾಕೆ ಎಂದು ಲೆಕ್ಕ ಹಾಕಿ ತೋರಿಸುತ್ತೇನೆ. ಇವು ಉದಾಹರಣೆಯ ಅಂಕಿಗಳು, ನಿಮ್ಮ ಊರಿನ ಅಂಕಿ ಹಾಕಿ ನೋಡಿ.

ಒಂದು ಅಂಗಿ 40 ರೂಪಾಯಿಗೆ ತಂದಿರಿ. ಸೋಪು, ನೀರು, ಕರೆಂಟಿಗೆ 8. ಇಸ್ತ್ರಿಗೆ 10. ಗುಂಡಿ, ಹೊಲಿಗೆಗೆ 5. ಸಾಗಾಟಕ್ಕೆ 7. ಒಟ್ಟು 70 ಆಯಿತು. ಹತ್ತು ಅಂಗಿಗೆ 700. ಹತ್ತೂ ಒಳ್ಳೆ ಬೆಲೆಗೆ ಹೋಗುವುದಿಲ್ಲ. ಏಳು ಅಂಗಿ 130ರಂತೆ ಹೋದರೆ 910. ಉಳಿದ ಮೂರು ಒರೆಸುವ ಬಟ್ಟೆಯ ಲೆಕ್ಕದಲ್ಲಿ ಹತ್ತತ್ತು ರೂಪಾಯಿಗೆ ಹೋದರೆ 30. ಬಂದದ್ದು 940, ಉಳಿದದ್ದು 240. ಅಂದರೆ ಅಂಗಿಗೆ 24 ರೂಪಾಯಿ. ತಿಂಗಳಿಗೆ 4,000 ಬಾಡಿಗೆ ಇದ್ದರೆ, ಬರೀ ಬಾಡಿಗೆ ಹುಟ್ಟಲು 160ಕ್ಕೂ ಹೆಚ್ಚು ಅಂಗಿ ತರಬೇಕು, ತೊಳೆಯಬೇಕು, ಮಾರಬೇಕು. ನಿಮ್ಮ ಕೂಲಿ ಇನ್ನೂ ಬಂದಿಲ್ಲ.

ಹಾಗಾಗಿ ಮನೆಯ ಒಂದು ಕೋಣೆ, ಒಂದು ಒಳ್ಳೆ ವಾಷಿಂಗ್ ಮೆಷಿನ್, ಬಟ್ಟೆ ನೇತುಹಾಕುವ ಕಬ್ಬಿಣದ ಸ್ಟ್ಯಾಂಡ್, ಇಸ್ತ್ರಿ ಪೆಟ್ಟಿಗೆ, ಅಳತೆ ಟೇಪು ಇದ್ದರೆ ಶುರು ಮಾಡಬಹುದು. ಹೊಲಿಗೆ ಬಂದರೆ ಅರ್ಧ ಗೆದ್ದಂತೆ. ಜಿಪ್ ಹೋದ ಜಾಕೆಟ್ಟನ್ನು ಯಾರೂ ಮುಟ್ಟುವುದಿಲ್ಲ, ಜಿಪ್ ಹಾಕಿದರೆ ಅದೇ ಮೊದಲು ಹೋಗುತ್ತದೆ.

ಮಳೆಗಾಲದಲ್ಲಿ ಒಣಗಿಸುವುದು, ಇಡುವುದು ಹೇಗೆ?

ಈ ವ್ಯಾಪಾರ ಮಲೆನಾಡಿನಲ್ಲಿ ಉಳಿಯುವುದೂ ಮುಳುಗುವುದೂ ಇದೊಂದರ ಮೇಲೆಯೇ. ಬಣ್ಣ ಸ್ವಲ್ಪ ಮಾಸಿದ್ದರೆ ಗಿರಾಕಿ ಸಹಿಸುತ್ತಾರೆ. ಮುಗ್ಗು ವಾಸನೆ ಬಂದರೆ ಕೈಯಿಂದ ಕೆಳಗಿಟ್ಟು ಹೋಗುತ್ತಾರೆ, ಮತ್ತೆ ಬರುವುದಿಲ್ಲ.

ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಹಾಗಾಗಿ ಹೊಸನಗರದಲ್ಲಿ ಸರಕು ಇಡುವುದಕ್ಕೂ ಶಿಕಾರಿಪುರದಲ್ಲಿ ಇಡುವುದಕ್ಕೂ ಬಹಳ ವ್ಯತ್ಯಾಸ ಇದೆ. ಕೋಣೆಯ ಗಾಳಿಯಲ್ಲಿ ತೇವ 70%ಗಿಂತ ಮೇಲೆ ನಿಂತರೆ ಬೂಷ್ಟು ಹಿಡಿಯುತ್ತದೆ. ತೇವ ಅಳೆಯುವ ಪುಟ್ಟ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ತಂದು ಗೋಡೆಗೆ ಹಾಕಿ.

ವರ್ಷದ ಕೆಲಸವನ್ನೇ ಮಳೆಗೆ ಹೊಂದಿಸಿಕೊಳ್ಳಿ. ನವೆಂಬರಿನಿಂದ ಮೇವರೆಗೆ ದೊಡ್ಡ ಪ್ರಮಾಣದಲ್ಲಿ ತಂದು ತೊಳೆದು ಬಿಸಿಲಿಗೆ ಹಾಕಿ ಮುಗಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕೋಣೆಯಲ್ಲಿ ಎಷ್ಟು ಒಣಗುತ್ತದೋ ಅಷ್ಟನ್ನೇ ಕೊಳ್ಳಿ. ಆಗ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಒಂದು ಮೂಟೆ ಒದ್ದೆ ಬಟ್ಟೆ ಮನೆಗೆ ತರಬೇಡಿ, ಪಕ್ಕದ ಒಣ ಸರಕೂ ಹಾಳಾಗುತ್ತದೆ.

ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವುದು ನಮಗೆ ಅಭ್ಯಾಸ. ಮನೆ ಬಟ್ಟೆಗೆ ಅದು ಸರಿ, ಮಾರುವ ಬಟ್ಟೆಗೆ ಬೇಡ. ಹೊಗೆ ವಾಸನೆ ಹತ್ತಿದರೆ ಹೋಗುವುದು ಕಷ್ಟ. ಮಳೆಯ ದಿನ ಕಿಟಕಿ ತೆರೆದು ಫ್ಯಾನ್ ಹಾಕಿದರೂ ಹೊರಗಿನ ತೇವವೇ ಒಳಗೆ ಬರುತ್ತದೆ. ಕೋಣೆ ಮುಚ್ಚಿ, ತೇವ ಹೀರುವ ಮೆಷಿನ್ ಜೊತೆಗೆ ಫ್ಯಾನ್ ಹಾಕಿದರೆ ಒಣಗುತ್ತದೆ. ಮೊದಲ ದೊಡ್ಡ ಖರ್ಚು ಮಾಡುವುದಾದರೆ ಈ ಮೆಷಿನ್‌ಗೆ ಮಾಡಿ, ಅಂಗಡಿಯ ಬೋರ್ಡಿಗೆ ಆಮೇಲೆ.

ಒಣಗಿದೆಯಾ ಎಂದು ಬೆನ್ನು ಮುಟ್ಟಿ ನೋಡಬೇಡಿ. ಕಾಲರ್, ಸೊಂಟದ ಪಟ್ಟಿ, ಜೇಬಿನ ಒಳಗೆ, ದಪ್ಪ ಹೊಲಿಗೆ ಮುಟ್ಟಿ ನೋಡಿ. ಜೀನ್ಸಿನ ಜೇಬು ಎಲ್ಲಕ್ಕಿಂತ ಕೊನೆಗೆ ಒಣಗುತ್ತದೆ. ಇಸ್ತ್ರಿಯಾದ ಬಿಸಿ ಬಟ್ಟೆಯನ್ನು ತಕ್ಷಣ ಪ್ಲಾಸ್ಟಿಕ್ ಕವರಿಗೆ ತುಂಬಬೇಡಿ, ಆವಿ ಒಳಗೇ ಉಳಿಯುತ್ತದೆ. ಸರಕನ್ನು ನೆಲಕ್ಕೆ, ಗೋಡೆಗೆ ತಾಗಿಸಿ ಇಡಬೇಡಿ. ಹಲಗೆ ಹಾಕಿ ಎತ್ತರಿಸಿ, ಗೋಡೆಯಿಂದ ಅರ್ಧ ಅಡಿ ಬಿಡಿ. ನುಸಿ ಗುಳಿಗೆಯ ವಾಸನೆ ಹಲವರಿಗೆ ಆಗುವುದಿಲ್ಲ. ಲಾವಂಚದ ಬೇರು ಕಟ್ಟಿ ಇಟ್ಟರೆ ವಾಸನೆ ಚೆನ್ನಾಗಿರುತ್ತದೆ, ಆದರೆ ಅದು ತೇವ ಹೀರುವುದಿಲ್ಲ. ತೇವಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಇಡಿ. ಅದರಲ್ಲಿ ನೀರು ತುಂಬುತ್ತದೆ, ನೋಡಿಕೊಂಡು ಬದಲಿಸುತ್ತಿರಿ.

ಬೂಷ್ಟು ಬಂದೇ ಬಿಟ್ಟಿದ್ದರೆ ಮಾಸ್ಕ್ ಹಾಕಿಕೊಂಡು ಹೊರಗೆ ಒಯ್ದು ಬ್ರಷ್ ಮಾಡಿ, ತೊಳೆಯಿರಿ. ಕೊನೆಯ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿ, ಬಿಸಿಲಿಗೆ ಹಾಕಿ. ವಿನೆಗರನ್ನು ಬ್ಲೀಚಿಂಗ್ ಪೌಡರ್ ಜೊತೆ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಅನಿಲ ಹುಟ್ಟುತ್ತದೆ, ಅದು ಪ್ರಾಣಕ್ಕೆ ಅಪಾಯ. ಕಾಟನ್ ಮೇಲೆ ಕೂತ ಕಪ್ಪು ಚುಕ್ಕೆ ಸಾಮಾನ್ಯವಾಗಿ ಹೋಗುವುದಿಲ್ಲ. ಅಂಥದ್ದನ್ನು ಕೆಲಸದ ಬಟ್ಟೆಯ ಗುಂಪಿಗೆ ಹಾಕಿ.

ಕಲೆ ತೆಗೆಯುವುದು?

ಅಡಿಕೆ ಚೊಗರು, ಚಹಾ, ಬಾಳೆ ಕಾಯಿಯ ಕಲೆಗೆ ಬಾರ್ ಸೋಪು ತಿಕ್ಕಬೇಡಿ. ಕಲೆ ಇನ್ನೂ ಗಟ್ಟಿಯಾಗುತ್ತದೆ. ಲಿಕ್ವಿಡ್ ಡಿಟರ್ಜೆಂಟ್‌ನಲ್ಲಿ ನೆನೆಸಿ, ಆಮೇಲೆ ಆಕ್ಸಿಜನ್ ಬ್ಲೀಚ್ (ಕ್ಲೋರಿನ್ ಇಲ್ಲದ ಬ್ಲೀಚ್) ಹಾಕಿ. ಹಳೆಯ ಚೊಗರು ಹೋಗುವುದಿಲ್ಲ, ಅದರ ಮೇಲೆ ಸೋಪು ದಂಡ ಮಾಡಬೇಡಿ. ಅರಿಶಿನದ ಕಲೆ ಬಿಸಿಲಿಗೇ ಮಾಸುತ್ತದೆ. ಕಬ್ಬಿಣದ ತುಕ್ಕಿಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಡಿ. ನಮ್ಮ ಕಡೆ ಕೆಲವು ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇದೆ. ಆ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಬಿಳಿ ಬಟ್ಟೆ ಹಳದಿಯಾಗುತ್ತದೆ. ಬಿಳಿ ಬಟ್ಟೆಯನ್ನು ಮಳೆ ನೀರಿನಲ್ಲಿ ತೊಳೆದು ನೋಡಿ.

ಕಜ್ಜಿ, ಹೇನು ಬರುವ ಭಯ ಇದೆಯಲ್ಲ?

ಭಯ ಸಹಜ. ಕಜ್ಜಿಯ ಹುಳು ಮನುಷ್ಯನ ಮೈ ಬಿಟ್ಟು ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಬಂದ ಬಟ್ಟೆಯನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಬೇರೆ ಇಡಿ. ಆಮೇಲೆ ಬಿಸಿ ತಡೆಯುವ ಬಟ್ಟೆಯನ್ನು 60 ಡಿಗ್ರಿ ಬಿಸಿ ನೀರಿನಲ್ಲಿ ತೊಳೆಯಿರಿ. ಬಿಸಿ ಇಸ್ತ್ರಿಯೂ ಸಹಾಯ ಮಾಡುತ್ತದೆ. ಹೊಲಿಗೆಯ ಸಂದಿಯಲ್ಲಿ ತಿಗಣೆ ಇದೆಯಾ ಎಂದು ಬೆಳಕಿಗೆ ಹಿಡಿದು ನೋಡಿ. ತೊಳೆಯದ ಮತ್ತು ತೊಳೆದ ಬಟ್ಟೆ ಒಂದೇ ಕೋಣೆಯಲ್ಲಿ ಇರಬಾರದು.

ಯಾವುದನ್ನು ಮಾರಲೇಬಾರದು?

ಒಳಉಡುಪು, ಕಾಲುಚೀಲ ಬೇಡ. ಪೊಲೀಸ್, ಸೈನ್ಯದ ಸಮವಸ್ತ್ರ ಮುಟ್ಟಬೇಡಿ. ದೊಡ್ಡ ಬ್ರ್ಯಾಂಡಿನ ನಕಲಿ ಮಾಲು ಹಳೆಯದಾದರೂ ನಕಲಿಯೇ, ಅದನ್ನು ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಅಪರಾಧ. ಅಸಲಿ ಬ್ರ್ಯಾಂಡಿನ ಬಳಸಿದ ಬಟ್ಟೆ ಮಾರಲು ತೊಂದರೆ ಇಲ್ಲ.

ರೇಷ್ಮೆ ಸೀರೆ ತೆಗೆದುಕೊಳ್ಳಬಹುದಾ?

ತೆಗೆದುಕೊಳ್ಳಬಹುದು, ಲಾಭವೂ ಅದರಲ್ಲೇ ಜಾಸ್ತಿ. ಆದರೆ ಕಣ್ಣು ಪಳಗಬೇಕು. ಮಡಿಕೆಯ ಗೆರೆಯಲ್ಲಿ ಮೊದಲು ಹರಿಯುತ್ತದೆ, ಅಲ್ಲಿ ಮೆಲ್ಲಗೆ ಎಳೆದು ನೋಡಿ. ಸೆರಗು ಒಂದು ಚೆನ್ನಾಗಿದ್ದರೆ ಸಾಲದು. ಕೆಎಸ್‌ಐಸಿಯ (ಸರ್ಕಾರದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ) ಅಸಲಿ ಮೈಸೂರು ಸಿಲ್ಕ್ ಸೀರೆಗೆ ಗುರುತಿನ ಸಂಖ್ಯೆ ಇರುತ್ತದೆ, ಹಳೆಯದಾದರೂ ಅದಕ್ಕೆ ಬೆಲೆ ಇದೆ. ಬೆಳ್ಳಿ ಜರಿಯ ಹಳೆ ಸೀರೆಯನ್ನು ಜರಿ ಕರಗಿಸುವವರು ಕೇಳಿಕೊಂಡು ಬರುತ್ತಾರೆ. ಸೀರೆ ಚೆನ್ನಾಗಿದ್ದರೆ ಅವರಿಗೆ ಕೊಡಬೇಡಿ, ಉಡುವವರಿಗೆ ಕೊಡಿ. ಹಳೆ ಸೀರೆ ತಂದುಕೊಟ್ಟ ಹೆಂಗಸಿಗೆ ಅದರ ನಿಜವಾದ ಬೆಲೆ ಹೇಳಿ. ಎಷ್ಟೋ ಸಲ ಅವರು ಕಷ್ಟಕ್ಕೆ ಮಾರುತ್ತಿರುತ್ತಾರೆ. ಆಗ ಚೌಕಾಸಿ ಮಾಡುವುದಕ್ಕಿಂತ, ಸೀರೆಯನ್ನು ಇಟ್ಟುಕೊಂಡು ಮಾರಿದ ಮೇಲೆ ಪಾಲು ಕೊಡುವುದು ಇಬ್ಬರಿಗೂ ಒಳ್ಳೆಯದು.

ಕೈಮಗ್ಗದ ಬಟ್ಟೆಯನ್ನೂ ಬೇರೆ ಎತ್ತಿಡಿ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಚರಕ ಎಂಬ ಮಹಿಳಾ ಕೈಮಗ್ಗ ಸಂಘದ ಜುಬ್ಬ, ಕುರ್ತಾಗಳು ತೊಳೆದಷ್ಟೂ ಮೆತ್ತಗಾಗುತ್ತವೆ. ಅದರ ಬೆಲೆ ತಿಳಿದವರು ಹಳೆಯದನ್ನೂ ಹುಡುಕಿಕೊಂಡು ಬರುತ್ತಾರೆ.

ಬೆಲೆ ಹೇಗೆ ಕಟ್ಟುವುದು?

ಮೂರು ಗುಂಪು ಸಾಕು. ಪೇಟೆಗೆ ಹಾಕಬಹುದಾದದ್ದು, ಮನೆಗೆ ಹಾಕಬಹುದಾದದ್ದು, ತೋಟದ ಕೆಲಸಕ್ಕೆ. ಬೆಲೆ ಚೀಟಿಯಲ್ಲಿ ಬರೆದಿರಲಿ. ದೋಷ ಇದ್ದರೆ ಅದನ್ನೂ ಅದೇ ಚೀಟಿಯಲ್ಲಿ ಬರೆಯಿರಿ: "ಎಡ ತೋಳಿನಲ್ಲಿ ಕಲೆ", "ಜಿಪ್ ಹೊಸದು". ಲೇಬಲ್ಲಿನ ಸೈಜನ್ನು ನಂಬಬೇಡಿ, ತೊಳೆದು ತೊಳೆದು ಕುಗ್ಗಿರುತ್ತದೆ. ಎದೆ, ಉದ್ದ, ಸೊಂಟ ಟೇಪಿನಲ್ಲಿ ಅಳೆದು ಬರೆಯಿರಿ.

ಎಲ್ಲಿ ಮಾರುವುದು?

ಕೆಲಸದ ಬಟ್ಟೆ ಸಂತೆಯಲ್ಲಿ ಹೋಗುತ್ತದೆ. ಸಂತೆಗೆ ಬೆಳಿಗ್ಗೆ ಬೇಗ ಹೋಗಿ, ಸುಂಕ ಎಷ್ಟು, ಯಾರು ವಸೂಲಿ ಮಾಡುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ರಸೀದಿ ಪಡೆಯಿರಿ. ಬಯಲುಸೀಮೆಯಿಂದ ಕೊಯ್ಲಿಗೆ ಬರುವ ಕೂಲಿಯವರು ಸಂತೆಗೆ ಬರುತ್ತಾರೆ, ಅವರಿಗೆ ಮಲೆನಾಡಿನ ಚಳಿಗೆ ಸ್ವೆಟರ್, ಕಂಬಳಿ ಬೇಕಿರುತ್ತದೆ. ಜಾತ್ರೆಗಳೂ ಇವೆ. ಶಿವಮೊಗ್ಗದ ಕೋಟೆ ಮಾರಿಕಾಂಬ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ ಮಾರಿಕಾಂಬ ಜಾತ್ರೆ ಮೂರು ವರ್ಷಕ್ಕೊಮ್ಮೆ. ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆ ಜಾತ್ರೆ ಪ್ರತಿ ವರ್ಷ. ಆದರೆ ಜಾತ್ರೆಗೆ ಜನ ಹೊಸ ಬಟ್ಟೆಯ ಮನಸ್ಸಿನಲ್ಲೇ ಬರುತ್ತಾರೆ, ಜಾಗದ ಬಾಡಿಗೆಯೂ ಜೋರು. ಮೊದಲ ವರ್ಷ ಸಂತೆಯೇ ಸಾಕು.

ಜಾಕೆಟ್, ಕುರ್ತಾ, ಸೀರೆಗೆ ವಾಟ್ಸಾಪ್, ಇನ್‌ಸ್ಟಾಗ್ರಾಂ ಒಳ್ಳೆಯದು. ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ, ಫಿಲ್ಟರ್ ಹಾಕಬೇಡಿ. ಕಳಿಸಲು ಅಂಚೆ ಪಾರ್ಸೆಲ್ ಇದೆ, ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ಇದೆ. ಶಿವಮೊಗ್ಗದ ಗಾಂಧಿ ಬಜಾರಿನ ಹೊಸ ಬಟ್ಟೆ ಅಂಗಡಿಗಳ ಜೊತೆ ಪೈಪೋಟಿಗೆ ಇಳಿಯಬೇಡಿ. ಅಲ್ಲಿ ಅಗ್ಗದ ಹೊಸ ಟೀ ಶರ್ಟ್ ಸಿಗುವಾಗ ನಿಮ್ಮ ಹಳೆ ಟೀ ಶರ್ಟನ್ನು ಯಾರೂ ಕೊಳ್ಳುವುದಿಲ್ಲ. ಹೊಸದರಲ್ಲಿ ದುಬಾರಿ ಇರುವುದನ್ನೇ ಇಡಿ: ಜಾಕೆಟ್, ಜೀನ್ಸ್, ಬ್ಲೇಜರ್, ರೈನ್‌ಕೋಟ್, ಸೀರೆ.

ಲೈಸೆನ್ಸ್, ಜಿಎಸ್‌ಟಿ ಬೇಕಾ?

ಅಂಗಡಿ ತೆರೆದರೆ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯಿಂದ ವ್ಯಾಪಾರ ಪರವಾನಗಿ, ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ನೋಂದಣಿ ಮಾಡಿಸಿ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲಿ ನೀವೇ ಮಾಡಿಕೊಳ್ಳಬಹುದು. ದುಡ್ಡು ಕೇಳುವವರು ಸರ್ಕಾರದವರಲ್ಲ.

ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ, ರಾಜ್ಯದ ಒಳಗೇ ಮಾರುತ್ತಿದ್ದರೆ, ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹೊರರಾಜ್ಯಕ್ಕೆ ಸರಕು ಕಳಿಸಿ ಮಾರಿದರೆ ಬೇಕಾಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಪುಣೆಯಿಂದಲೋ ಚೆನ್ನೈಯಿಂದಲೋ ಆರ್ಡರ್ ಬಂದಾಗ ಇದನ್ನು ಮರೆಯಬೇಡಿ. ನೋಂದಣಿ ಆದವರಿಗೆ ಒಂದು ಅನುಕೂಲ ಇದೆ. ಬಳಸಿದ ವಸ್ತು ಕೊಂಡು ಮಾರುವವರು, ಕೊಂಡಾಗಿನ ತೆರಿಗೆಯನ್ನು ಹಿಂದೆ ಪಡೆಯದಿದ್ದರೆ, ಪೂರ್ತಿ ಬೆಲೆಯ ಬದಲು ಕೊಂಡ ಮತ್ತು ಮಾರಿದ ಬೆಲೆಯ ವ್ಯತ್ಯಾಸಕ್ಕೆ ಮಾತ್ರ ತೆರಿಗೆ ಕಟ್ಟಬಹುದು. ಅದಕ್ಕೇ ಪ್ರತಿ ಖರೀದಿಯನ್ನೂ ಪುಸ್ತಕದಲ್ಲಿ ಬರೆಯಿರಿ.

ಸಾಲ ಸಿಗುತ್ತಾ?

ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನ ಇಲ್ಲದೆ ಸಿಗುತ್ತದೆ. ಬೀದಿ ಬದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ ಸಾಲ ಯೋಜನೆ ಇದೆ. ಆದರೆ ಮೊದಲ ಮಳೆಗಾಲ ದಾಟಿದ ಮೇಲೆ ಸಾಲದ ಯೋಚನೆ ಮಾಡಿ. ಆಗ ನಿಮ್ಮ ಸರಕು ಎಷ್ಟು ಒಣಗಿ ಉಳಿಯಿತು ಎಂದು ಗೊತ್ತಾಗಿರುತ್ತದೆ.

ಹಳೆ ಬಟ್ಟೆಗೆ ಪಾತ್ರೆ ಕೊಡುವವರ ಹೊಟ್ಟೆ ಮೇಲೆ ಹೊಡೆದಂತೆ ಆಗಲ್ವಾ?

ಈ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಗೌರವ. ತಲೆ ಮೇಲೆ ಸ್ಟೀಲ್ ಪಾತ್ರೆ ಹೊತ್ತು ಬೀದಿ ಬೀದಿ ತಿರುಗುವ ಹೆಂಗಸರು ನಮಗಿಂತ ಎಷ್ಟೋ ಮೊದಲಿನಿಂದ ಈ ಕೆಲಸ ಮಾಡುತ್ತಿದ್ದಾರೆ. ಬಟ್ಟೆ ಕೈಗೆ ಬಂದ ಕೂಡಲೇ ಎಷ್ಟು ಬಾಳುತ್ತದೆ ಎಂದು ಅವರಿಗೆ ತಿಳಿಯುತ್ತದೆ. ಅವರ ಬೀದಿಯಲ್ಲಿ ಪೈಪೋಟಿ ಮಾಡುವ ಬದಲು ಅವರಿಂದಲೇ ಆರಿಸಿ ಕೊಳ್ಳಿ. ನಿಮಗೆ ಮನೆ ಮನೆ ತಿರುಗುವುದು ತಪ್ಪುತ್ತದೆ, ಅವರಿಗೆ ದೂರದ ಮಾರುಕಟ್ಟೆಗೆ ಹೊರುವುದು ತಪ್ಪುತ್ತದೆ. ಬೆಲೆ ಮಾತ್ರ ನ್ಯಾಯವಾಗಿ ಕೊಡಿ.

ಮಾರಾಟವಾಗದೆ ಉಳಿದದ್ದನ್ನು ಏನು ಮಾಡುವುದು?

ಸುಡಬೇಡಿ, ಹೊಳೆಗೆ ಬಿಡಬೇಡಿ. ಪಾಲಿಯೆಸ್ಟರ್ ಸುಟ್ಟರೆ ಬರುವ ಹೊಗೆ ವಿಷ. ಕಾಟನ್ ಬಟ್ಟೆಯ ಗುಂಡಿ, ಜಿಪ್ ಬಿಚ್ಚಿ ತುಂಡು ಮಾಡಿದರೆ ಗ್ಯಾರೇಜಿನವರು ಕೆ.ಜಿ. ಲೆಕ್ಕದಲ್ಲಿ ಕೊಳ್ಳುತ್ತಾರೆ. ಶಿವಮೊಗ್ಗದಲ್ಲಾದರೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿ. ಪಾಲಿಯೆಸ್ಟರ್ ಒರೆಸಲು ಕಾಟನ್‌ನಷ್ಟು ಹೊಂದುವುದಿಲ್ಲ, ಅದನ್ನು ಸೇರಿಸಿ ಕೊಟ್ಟರೆ ಮುಂದಿನ ಸಲ ಅವರು ತೆಗೆದುಕೊಳ್ಳುವುದಿಲ್ಲ. ಬಿಚ್ಚಿದ ಗುಂಡಿ, ಜಿಪ್ಪುಗಳನ್ನು ಅಳತೆ ಪ್ರಕಾರ ಡಬ್ಬಿಗೆ ಹಾಕಿಡಿ, ರಿಪೇರಿಗೆ ಬರುತ್ತವೆ.

ಹಳೆ ಸೀರೆ, ಪಂಚೆ ಉಳಿದರೆ ಕೌದಿ (ಬಟ್ಟೆ ಪದರ ಸೇರಿಸಿ ಹೊಲಿದ ಹೊದಿಕೆ) ಹೊಲಿಸಿ. ಪಕ್ಕದ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳು ಹಳೆ ಬಟ್ಟೆಯಲ್ಲೇ ಆಗುತ್ತವೆ, ದೂರದೂರಿನವರೂ ಅವನ್ನು ಕೊಳ್ಳುತ್ತಾರೆ. ನಿಮ್ಮ ಊರಿನಲ್ಲೂ ಕೌದಿ ಹೊಲಿಯಲು ಬಲ್ಲ ಅಜ್ಜಿಯರು ಇದ್ದೇ ಇರುತ್ತಾರೆ. ಒಂದು ಕೌದಿಗೆ ಎಷ್ಟು ದಿನ ಹಿಡಿಯುತ್ತದೆ ಎಂದು ಅವರನ್ನೇ ಕೇಳಿ, ದಿನದ ಕೂಲಿ ಲೆಕ್ಕ ಹಾಕಿ, ಆಮೇಲೆ ಕೌದಿಯ ಬೆಲೆ ಗೊತ್ತು ಮಾಡಿ. ಹೊಲಿಗೆಗೆ ಕೊಡುವ ಬಟ್ಟೆಯನ್ನೂ ಪೂರ್ತಿ ಒಣಗಿಸಿಯೇ ಕೊಡಿ. ಪದರದ ಒಳಗೆ ಸೇರಿದ ತೇವ ಮತ್ತೆ ಹೊರಗೆ ಬರುವುದಿಲ್ಲ.